ಅಪ್ಪನ ಎಲೆಯ ಮೇಲಿನ ಸಾಮೆ ಅನ್ನ

ಪೊಲೀಸರ ಕಾಗದದಲ್ಲಿ ಗಲಾಟೆ ಶುರುವಾದ ಹೊತ್ತು ಬೆಳಿಗ್ಗೆ ಹನ್ನೊಂದು ಇಪ್ಪತ್ತು ಎಂದಿದೆ. ಮೊದಲ ಕಲ್ಲು ಬಿದ್ದದ್ದು ಆಗಲೇ, ನಿಜ. ಆದರೆ ನನ್ನ ಮಟ್ಟಿಗೆ ಎಲ್ಲ ಕೆಟ್ಟದ್ದು ಅದಕ್ಕೂ ಎರಡು ದಿನ ಮೊದಲು, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ, ಹಮಾಲರ ಸಾಲಿನ ನಡುವೆ ಕೂತಿದ್ದ ಅಪ್ಪನ ಎಲೆಗೆ ನಾನು ಹೊಸ ಅಕ್ಕಿಯ ಅನ್ನದ ಬದಲು ಸಾಮೆ ಅನ್ನ ಬಡಿಸಿದೆ. ಗಡಿಯಾರ ನೋಡಿಕೊಂಡಿದ್ದೆ; ಎರಡು ಗಂಟೆಯ ಬಸ್ಸಿಗೆ ಹೊಸಪೇಟೆಗೆ ಹೋಗಬೇಕಿತ್ತು.

ಹೋದ ವಾರ ಕಾಲೇಜು ಮುಗಿಸಿ ಊರಿಗೆ ಹೊರಟಾಗ, ರಾಮಸಾಗರದ ಹತ್ತಿರ ಯಾರೋ ರಸ್ತೆ ಪಕ್ಕದಲ್ಲಿ ಭತ್ತದ ಹೊಟ್ಟಿಗೆ ಬೆಂಕಿ ಇಟ್ಟಿದ್ದರು. ಬಸ್ಸಿನ ಕಿಟಕಿಯಿಂದ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವಾ, ತ್ರಾಸ ಆಗಾಕತ್ತೈತೇನು?" ಎಂದು ಭುಜ ಮುಟ್ಟಿದಳು. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿ ಕೂತಿದ್ದೇನೆ ಎಂಬುದು ನನಗೆ ಗೊತ್ತಾದದ್ದೇ ಆಗ. ಒಂದು ಸುಗ್ಗಿ ಕಳೆದು ಇನ್ನೊಂದು ಸುಗ್ಗಿ ಬರುವವರೆಗಿನ ಆ ತಿಂಗಳುಗಳನ್ನು ಬರೆದಿಡದೆ ಆ ವಾಸನೆ ನನ್ನನ್ನು ಬಿಡುವುದಿಲ್ಲ ಎಂದು ಅನ್ನಿಸಿದ್ದೂ ಆಗಲೇ.

ಆ ವರ್ಷ ಅಪ್ಪನಿಗೆ ಅರವತ್ತೊಂದು. ಹೆಸರು ಪಂಪಾಪತಿ, ಗಿರಣಿಯಲ್ಲಿ ಎಲ್ಲರಿಗೂ ಸಾವ್ಕಾರ್ರು. ಎರಡು ವರ್ಷದಿಂದ ಮೊಣಕಾಲು ಕಾಡುತ್ತಿತ್ತು. ಕುರ್ಚಿಯಿಂದ ಏಳಬೇಕಾದರೆ ಮೇಜಿನ ಅಂಚು ಹಿಡಿದು ಮೂರು ಸಲ ಹಿಂದೆ ಮುಂದೆ ತೂಗಿಕೊಳ್ಳಬೇಕು. ಬೆಳಿಗ್ಗೆ ಬೆರಳ ಗೆಣ್ಣು ಊದಿಕೊಂಡು, ಅಂಗಿಯ ಗುಂಡಿಯನ್ನು ಅವ್ವನೇ ಹಾಕಬೇಕು. ಅದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಅವನ ದಣಿವು. ಹನ್ನೊಂದು ಗಂಟೆಗೆಲ್ಲ ತಕ್ಕಡಿಯ ಪಕ್ಕದಲ್ಲೇ ತಲೆ ವಾಲಿಸಿ ನಿದ್ದೆ. ಲಾರಿಯವರು, "ಸಾವ್ಕಾರ್ರು ಮಿಲ್ಲಿನ ಸಪ್ಪಳ ಬಂದ್ ಆದ್ರ ಎಚ್ಚರಾಗ್ತಾರ" ಎಂದು ನಗುತ್ತಿದ್ದರು.

ಹೊಸಪೇಟೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಎಕ್ಸರೇ, ರಕ್ತದ ಚೀಟಿ ಎಲ್ಲ ನೋಡಿ ಅವರು, "ಮಾತ್ರಿ ಕೊಡ್ತೀನ್ರಿ. ಆದ್ರ ಮೂರು ಹೊತ್ತು ಬಿಳಿ ಅನ್ನ, ಹತ್ತು ಕಪ್ ಚಾ, ಸಂಜಿಗೆ ಮಿರ್ಚಿ, ಇವು ಹಿಂಗ ಇದ್ರ ಮಾತ್ರಿ ಏನ್ ಮಾಡ್ತಾವ? ತೂಕ ಇಳಸ್ರಿ. ಕಾಲು ಎಷ್ಟಂತ ಹೊರಬೇಕು ನಿಮ್ಮನ್ನ?" ಎಂದರು.

"ಅಕ್ಕಿ ಗಿರಣಿಯವಗ ಅಕ್ಕಿ ಉಣ್ಣಬ್ಯಾಡ ಅಂದ್ರ ಹೆಂಗ್ರಿ? ಮೀನಿಗೆ ನೀರು ಬಿಡು ಅಂದಂಗಾತು" ಎಂದ ಅಪ್ಪ.

ನಾನು ರಸಾಯನಶಾಸ್ತ್ರ ಓದಿದವಳು, ಹೊಸಪೇಟೆಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಹಿಡಿದ ಕೆಲಸವನ್ನು ಪಟ್ಟಿ ಹಾಕಿ ಮಾಡುವ ಚಟ. ಎರಡು ವಾರಕ್ಕೊಮ್ಮೆ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಸಂಡೂರಿಗೆ ಹೋಗಿ, ಗುಡ್ಡದ ಕೆಳಗಿನ ಹೊಲದವರಿಂದ ಸಾಮೆ, ನವಣೆ ತರುತ್ತಿದ್ದೆ. ಚೀಲದ ಮೇಲೆ ಕೂತ ಕೆಂಪು ಧೂಳನ್ನು ಅವ್ವ ಅಂಗಳದಲ್ಲೇ ಕೊಡವಿ ಒಳಗೆ ತರುತ್ತಿದ್ದಳು. ಬೆಳಿಗ್ಗೆ ನವಣೆ ಉಪ್ಪಿಟ್ಟು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಅಗಸಿ ಚಟ್ನಿ. ರಾತ್ರಿ ಒಂದು ಹಿಡಿ ಸಾಮೆ ಅನ್ನಕ್ಕೆ ಹೆಸರುಕಾಳಿನ ಸಾರು. ಚಹಾ ಎರಡೇ ಸಲ, ಸಕ್ಕರೆ ಇಲ್ಲದೆ. ಸಂಜೆಯ ಮಂಡಕ್ಕಿ, ಮಿರ್ಚಿ ಬಂದ್. ಮೊದಲ ಹದಿನೈದು ದಿನ ಅಪ್ಪ ಮನೆಯಲ್ಲಿ ಕಂಡವರ ಮೇಲೆಲ್ಲ ಹರಿಹಾಯ್ದ. "ಸಂಜಿಗೆ ಆ ಮಂಡಾಳು ವಗ್ಗರಣಿ ವಾಸನಿ ಬಂದ್ರ ಕಣ್ಣಾಗ ನೀರು ಬರ್ತಾವಲೇ ಗಿರಿಜಾ" ಎಂದು ಫೋನು ಮಾಡಿ ನನ್ನನ್ನು ಬೈದ.

ಆದರೆ ಎರಡು ತಿಂಗಳಿಗೆ ಗೆಣ್ಣಿನ ಬಾವು ಇಳಿಯಿತು. ಹನ್ನೊಂದರ ನಿದ್ದೆ ನಿಂತಿತು. ದೀಪಾವಳಿಯ ಹೊತ್ತಿಗೆ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಊಟ ಯಾರ ಕೀಲನ್ನೂ ಹೊಸದು ಮಾಡುವುದಿಲ್ಲ ಎಂದು ನನಗೆ ಗೊತ್ತು. ಮಾತ್ರೆ ಇತ್ತು, ತೂಕವೂ ಇಳಿದಿತ್ತು. ಆದರೂ ಅಡುಗೆಮನೆಯ ಗೋಡೆಗೆ ನಾನು ಅಂಟಿಸಿದ್ದ ಹಾಳೆಯಲ್ಲಿ ದಿನಕ್ಕೊಂದು ಸಾಲಿನಂತೆ "ಅಕ್ಕಿ ಇಲ್ಲ, ಅಕ್ಕಿ ಇಲ್ಲ" ಎಂದು ನನ್ನ ಅಕ್ಷರದಲ್ಲೇ ಬರೆದದ್ದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ನಾನಿಲ್ಲದ ದಿನಗಳ ಸಾಲನ್ನು ಫೋನಿನಲ್ಲಿ ಕೇಳಿಕೊಂಡು ಬಂದು ತುಂಬಿಸುತ್ತಿದ್ದೆ. ನಾಲ್ಕು ತಿಂಗಳಲ್ಲಿ ಒಂದು ಸಾಲೂ ತಪ್ಪಿರಲಿಲ್ಲ.

ನಮ್ಮ ಮನೆ ಗಿರಣಿಯ ಆವರಣದಲ್ಲೇ ಇದ್ದರೂ ಇದು ಮನೆಯ ಹೊಸ್ತಿಲು ದಾಟದಂತೆ ನೋಡಿಕೊಂಡೆವು. ಗಿರಣಿಯವನೇ ಅಕ್ಕಿ ಬಿಟ್ಟನಂತೆ ಎಂಬ ಮಾತು ಪೇಟೆಗೆ ಹೋದರೆ ಗಿರಣಿಯ ಹೆಸರು ಏನಾದೀತು ಎಂಬ ಅಂಜಿಕೆ.

ನಮ್ಮ ಗಿರಣಿಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಹೊಸ ಭತ್ತ ಬಂದು ಮೊದಲ ಅಕ್ಕಿ ಇಳಿದ ದಿನ ಅದನ್ನು ಅಂಗಳದಲ್ಲೇ ಬೇಯಿಸಿ, ಸಾವ್ಕಾರ ಹಮಾಲರ ಸಾಲಿನಲ್ಲಿ ಕೂತು ಮೊದಲ ತುತ್ತು ಉಣ್ಣಬೇಕು. ಆಮೇಲೆ ಉಳಿದವರು. ಹೋಗುವಾಗ ಪ್ರತಿ ಹಮಾಲನ ಮನೆಗೂ ಅದೇ ಅಕ್ಕಿ ಒಂದೊಂದು ಸಣ್ಣ ಚೀಲ. ಸಾವ್ಕಾರ ಉಂಡದ್ದು ಎಲ್ಲರೂ ಉಣ್ಣುವಂಥದ್ದು ಎಂಬ ಮಾತಿಗೆ ಸಾಕ್ಷಿ ಅದು.

"ಒಂದಿನ ಅನ್ನ ಉಂಡ್ರ ಏನಾಗ್ತೈತಿ?" ಎಂದು ಅಪ್ಪ ಕೇಳಿದ. ಏನೂ ಆಗುತ್ತಿರಲಿಲ್ಲ. ಒಂದು ದಿನದ ಅನ್ನಕ್ಕೆ ಮೊಣಕಾಲು ಊದುವುದಿಲ್ಲ. ಅದು ನನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ನನ್ನ ಹಾಳೆ ಕೆಡಬಾರದಿತ್ತು, ಅಷ್ಟೇ. "ಸಾಮಿ ಅನ್ನ ಬೆಳ್ಳಗ ಇರ್ತೈತಿ. ಮ್ಯಾಲ ಸಾರು ಹಾಕಿದ್ರ ಯಾರಿಗೂ ತಿಳಿಯಂಗಿಲ್ಲ" ಎಂದೆ.

ತಿಳಿಯಿತು. ಅಪ್ಪನ ಪಕ್ಕದಲ್ಲಿ ಕೂತವನು ಹಮಾಲರ ಮೇಸ್ತ್ರಿ ಹುಲುಗಪ್ಪ. ಮೂವತ್ತು ವರ್ಷ ಅಕ್ಕಿಯ ಚೀಲ ಹೊತ್ತವನ ಕಣ್ಣು ಅದು. ನಾನು ಚಿಕ್ಕವಳಿದ್ದಾಗ ನನ್ನನ್ನು ಭತ್ತದ ರಾಶಿಯ ಮೇಲೆ ಎಸೆದು ಆಡಿಸಿದವನೂ ಅವನೇ.

"ಏನ್ರೀ ಸಾವ್ಕಾರ್ರ, ನಿಮ್ಮ ಎಲಿ ಮ್ಯಾಲಿನ ಅಗಳು ಸಣ್ಣ ಕಾಣ್ತಾವಲ್ರಿ? ನೀವು ಇಳದಂಗ ಅವೂ ಇಳದಾವೇನು?"

ಸಾಲು ನಕ್ಕಿತು. ಅಪ್ಪ ನಗಲಿಲ್ಲ. "ಅದೇ ಅಕ್ಕಿಲೇ. ಉಣ್ಣು ಸುಮ್ಮನ" ಎಂದ. ಹುಲುಗಪ್ಪ ಒಮ್ಮೆ ನನ್ನ ಮುಖ ನೋಡಿದ. ನಾನು ಸಾರಿನ ಬಕೆಟ್ಟು ಎತ್ತಿಕೊಂಡು ಮುಂದಿನ ಎಲೆಗೆ ಹೋದೆ. ಬಸ್ಸು ಹತ್ತುವ ಮೊದಲು ಗೋಡೆಯ ಹಾಳೆಯಲ್ಲಿ ಆ ದಿನದ ಸಾಲನ್ನೂ ಬರೆದೆ: ಅಕ್ಕಿ ಇಲ್ಲ.

ಮರುದಿನ ಸಂಜೆ ಅವ್ವನ ಫೋನು. ಹಮಾಲರ ಓಣಿಯಲ್ಲಿ ವಾಂತಿ ಭೇದಿ ಎದ್ದಿದೆ. ಹುಲುಗಪ್ಪನ ಮೊಮ್ಮಗಳು, ನಾಲ್ಕು ವರ್ಷದ ಲಕ್ಷ್ಮಿಗೆ ಸಲೈನ್ ಹಾಕಿದ್ದಾರೆ. ನಾನು ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೆ ಬಂದೆ. ಗಿರಣಿಗೆ ಒಬ್ಬ ಹಮಾಲನೂ ಬಂದಿರಲಿಲ್ಲ. ಬೆಲ್ಟು ನಿಂತಿತ್ತು. ಆಸ್ಪತ್ರೆಗೆ ಹೋಗಿ ನೋಡಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದ್ದ ಅಪ್ಪನನ್ನು ಅವ್ವ ತಡೆದು ನಿಲ್ಲಿಸಿದ್ದಳು. ಹತ್ತು ಗಂಟೆಗೆ ಹಾಲಿನವಳು ಬಂದು ಗೇಟಿನಾಚೆಯಿಂದಲೇ ಹೇಳಿದಳು: "ಎರಡು ಕೂಸು ಸತ್ತಾವಂತ್ರಿ. ಅಕ್ಕ್ಯಾಗ ಹುಳದ ಔಷಧ ಕೂಡೇತಂತ. ಸಾವ್ಕಾರ್ರು ಮಾತ್ರ ಬ್ಯಾರೆ ಅನ್ನ ಉಂಡ್ರಂತ." ಯಾವ ಮಗುವೂ ಸತ್ತಿರಲಿಲ್ಲ. ಅದು ಆಮೇಲೆ ತಿಳಿದ ಮಾತು.

ಹನ್ನೊಂದು ಇಪ್ಪತ್ತಕ್ಕೆ ಮೊದಲ ಕಲ್ಲು ಆಫೀಸಿನ ಕಿಟಕಿ ಒಡೆದು ತಕ್ಕಡಿಯ ತಟ್ಟೆಗೆ ಬಿತ್ತು. ಆಗ ಅಪ್ಪ ಎದ್ದುನಿಂತ. ಮೇಜು ಹಿಡಿಯಲಿಲ್ಲ, ತೂಗಿಕೊಳ್ಳಲಿಲ್ಲ, ಒಂದೇ ಸಲಕ್ಕೆ ಎದ್ದ. ನಾಲ್ಕು ತಿಂಗಳು ನಾನು ಕಾದಿದ್ದು ಅದಕ್ಕೇ. ಹೊರಗೆ ಜನ ಗೇಟು ಅಲುಗಿಸುತ್ತಿದ್ದಾಗ ನನ್ನೊಳಗೆ ಒಂದು ಕ್ಷಣ ಖುಷಿಯಾಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗೇಟು ಬಾಗಿ ಬಿತ್ತು. ಅರವತ್ತು ಜನ ಇದ್ದರೇನೋ. ಅರ್ಧಕ್ಕಿಂತ ಹೆಚ್ಚು ಜನರ ಹೆಸರು ನನಗೆ ಗೊತ್ತಿತ್ತು. ಎರಡು ದಿನದ ಹಿಂದೆ ಅವರಿಗೆ ಸಾರು ಬಡಿಸಿದ್ದೆ. ಮುಂದೆ ಹುಲುಗಪ್ಪನ ಮಗ ಮಾರೆಪ್ಪ, ಲಕ್ಷ್ಮಿಯ ತಂದೆ, ಅವನೂ ನಮ್ಮ ಗಿರಣಿಯ ಹಮಾಲನೇ. ಅವನ ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ. ಮಗಳನ್ನು ಎತ್ತಿಕೊಂಡು ಓಡಿದ್ದಿರಬೇಕು, ಅಂಗಿಯ ಎದೆಯ ಮೇಲೆ ವಾಂತಿ ಒಣಗಿತ್ತು.

"ಮಾರೆಪ್ಪಾ, ಕೂಸು ಹೆಂಗೈತಿ?" ಎಂದ ಅಪ್ಪ.

"ನನ ಮಗಳ ಸುದ್ದಿ ತಗೀಬ್ಯಾಡ! ಏನ್ ಹಾಕೀದಿ ಅಕ್ಕ್ಯಾಗ? ಹೇಳು!"

ಅವನು ಅಪ್ಪನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಲರು ಹಿಡಿದು ಅಂಗಳಕ್ಕೆ ಎಳೆದರು. ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆ ಜಗ್ಗಿದರು; ಕಂಬಕ್ಕೆ ತಲೆ ಬಡಿದು ಕಿವಿಯೊಳಗೆ ಮಿಲ್ಲಿನ ಸದ್ದಿನಂಥದ್ದೊಂದು ಶುರುವಾಯಿತು. ನಾಲ್ಕೈದು ಜನ ಮನೆಯೊಳಗೆ ನುಗ್ಗಿದರು. ಪಾತ್ರೆಗಳು ಬಿದ್ದ ಸದ್ದು. ಒಬ್ಬ ಸಾಮೆಯ ಡಬ್ಬಿ ಎತ್ತಿಕೊಂಡು ಹೊರಬಂದ. "ಸಿಕ್ತಪ್ಪೋ! ಇವರು ಉಣ್ಣೋದು ಬ್ಯಾರೆ ಕಾಳು!" ಇನ್ನೊಬ್ಬನ ಕೈಯಲ್ಲಿ ಗೋಡೆಯಿಂದ ಕಿತ್ತ ನನ್ನ ಹಾಳೆ. ಅವನು ಅದನ್ನು ಜನಕ್ಕೆ ಕೇಳುವ ಹಾಗೆ ಓದಿದ. "ಅಕ್ಕಿ ಇಲ್ಲ. ಅಕ್ಕಿ ಇಲ್ಲ. ಮೊನ್ನಿ ನಮಗ ಉಣ್ಣಾಕ ಹಾಕಿದ ದಿನಾನೂ ಬರದಾರ್ರಲೇ, ಅಕ್ಕಿ ಇಲ್ಲ!"

ನನ್ನ ಅಕ್ಷರ ಅಷ್ಟು ಸ್ಪಷ್ಟವಾಗಿದ್ದದ್ದಕ್ಕೆ ನಾನು ನನ್ನನ್ನೇ ಶಪಿಸಿಕೊಂಡೆ.

"ಅದು ನಾನು ಹಾಕಿದ್ದು! ಮೊಣಕಾಲು ನೋವಿಗೆ! ಡಾಕ್ಟರು ಹೇಳ್ಯಾರ!" ಎಂದು ಕೂಗಿದೆ.

ಮಾರೆಪ್ಪ ನನ್ನ ಕಡೆ ತಿರುಗಿದ. "ಮೊಣಕಾಲು ನೋವು? ಯಾವ ಮೊಣಕಾಲು?" ಪಕ್ಕದವನ ಕೈಯಲ್ಲಿದ್ದ ಗೇಟಿನ ಸಲಾಕೆ ಕಿತ್ತುಕೊಂಡು ಅಪ್ಪನ ಬಲ ಮೊಣಕಾಲಿಗೆ ಹೊಡೆದ. ತೊಗರಿಕಟ್ಟಿಗೆ ಮುರಿದಂಥ ಸದ್ದು. ಅಪ್ಪ ಕೂಗಲಿಲ್ಲ, ಗಾಳಿ ಹೋದ ಟೈರಿನ ಹಾಗೆ ಉಸಿರು ಬಿಟ್ಟು ಕುಸಿದ. ಕೊಕ್ಕೆ ಅವನ ಭುಜಕ್ಕೆ ನೆಟ್ಟಿತು. ಚೀಲ ಎಳೆದ ಹಾಗೆ ಅವನನ್ನು ಅದರಿಂದಲೇ ಹೊಸ ಅಕ್ಕಿಯ ಚೀಲಗಳ ತನಕ ಎಳೆದ ಮಾರೆಪ್ಪ, ಒಂದು ಚೀಲ ಹರಿದು, ಹಿಡಿ ಹಿಡಿ ಅಕ್ಕಿ ತೆಗೆದು ಅಪ್ಪನ ಬಾಯಿಗೆ ತುರುಕತೊಡಗಿದ.

"ಉಣ್ಣು! ನಮಗ ಕೊಟ್ಟಿಯಲ್ಲ, ಉಣ್ಣು!"

ಅಪ್ಪನ ಕಣ್ಣು ಮೇಲಾದವು. ಕಾಳು ಮೂಗಿನಿಂದ ಬರುತ್ತಿದ್ದವು. ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆಗೆ ಯಾರೋ ಬೆಂಕಿ ಇಟ್ಟಿದ್ದರು. ಹೊಟ್ಟು ಧಗಧಗ ಉರಿಯುವುದಿಲ್ಲ, ಹೊಗೆಯುತ್ತದೆ. ಆ ಹೊಗೆ ಅಂಗಳಕ್ಕೆ ಇಳಿದು ಎಲ್ಲರ ಮುಖ ಅಳಿಸಿಬಿಟ್ಟಿತು. ನನ್ನ ಕೈಗಳನ್ನು ಇಬ್ಬರು ಹಿಡಿದಿದ್ದರು. ಅಪ್ಪ ಸಾಯುತ್ತಾನೆ, ನಾನು ನೋಡುತ್ತಾ ನಿಂತಿರುತ್ತೇನೆ ಎಂಬುದು ಖಚಿತವಾಯಿತು.

ಆಗ ಅವ್ವ ಬಂದಳು. ಅನ್ನದ ಪಾತ್ರೆ ಸೊಂಟದ ಮೇಲಿತ್ತು. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆದು ಬಂದು, ಮಾರೆಪ್ಪನ ಎದುರಿಗೇ ನೆಲಕ್ಕೆ ಕುಕ್ಕರಿಸಿದಳು. ಅಪ್ಪನ ಬಾಯಿಗೆ ಬೆರಳು ಹಾಕಿ ಅಕ್ಕಿ ತೆಗೆದು ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಆಮೇಲೆ ಪಾತ್ರೆಗೆ ಕೈ ಹಾಕಿ ಉಣ್ಣತೊಡಗಿದಳು. ಸಾರಿಲ್ಲ, ಉಪ್ಪಿಲ್ಲ. ದೊಡ್ಡ ದೊಡ್ಡ ತುತ್ತು.

"ಇದು ನಿಮಗ ಕೊಟ್ಟ ಅಕ್ಕೀನ. ಎರಡು ದಿನದಿಂದ ಇದನ್ನ ಉಣ್ಣಾಕತ್ತೀನಿ. ನಾ ಸತ್ತೀನೇನು? ನೋಡ್ರಿ. ಎಲ್ಲಾರೂ ನೋಡ್ರಿ."

ಮಾರೆಪ್ಪ ಸಲಾಕೆಯನ್ನು ಮತ್ತೆ ಎತ್ತಿಕೊಂಡಿದ್ದ; ಅದು ಮೇಲೆ ಹೋಯಿತು, ಇಳಿಯಲಿಲ್ಲ. ಉಣ್ಣುತ್ತಿರುವ ಹೆಂಗಸಿಗೆ ಹೊಡೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲವೇನೋ. ಆ ಪಾತ್ರೆ ಅರ್ಧವಾಗುವ ತನಕ ಅಂಗಳದಲ್ಲಿ ಕೇಳಿದ್ದು ಅವ್ವ ಅಗಿಯುವ ಸದ್ದು ಮತ್ತು ಅಪ್ಪನ ಕೆಮ್ಮು.

ಆಸ್ಪತ್ರೆಯಿಂದ ಬಂದ ಹುಲುಗಪ್ಪ ಆಟೋದಿಂದ ಇಳಿದದ್ದು ಆಗ. ಗೇಟಿನಿಂದಲೇ ಕಿರುಚಿಕೊಂಡು ಬಂದ. "ನೀರಲೇ! ನೀರು! ಪೈಪ್ ಒಡದು ಚರಂಡಿ ನೀರು ಕೂಡೇತಿ! ಪಕ್ಕದ ಮಂಚದಾಗ ಬಳಿಗಾರ ಮುದುಕಿ ಮಲಗ್ಯಾಳ, ಆಕಿ ಈ ಅಕ್ಕಿ ಕಂಡಾಳೇನ್ಲೇ ಮಗನ? ಲಕ್ಷ್ಮಿ ಕಣ್ಣು ಬಿಟ್ಟಾಳ, ಬಾಡ್ಯಾ!" ಮಗನ ಕೆನ್ನೆಗೆ ಬಾರಿಸಿದ. ಮತ್ತೆ ಮತ್ತೆ ಬಾರಿಸಿದ. ಮಾರೆಪ್ಪ ಸುಮ್ಮನೆ ಹೊಡೆಸಿಕೊಂಡ. ಸಲಾಕೆ ಕೈಯಿಂದ ಜಾರಿತು. ಜನ ಕರಗಿದರು. ಹೋಗುವಾಗಲೂ ಒಬ್ಬ ಉಳಿದಿದ್ದ ಇನ್ನೊಂದು ಗಾಜಿಗೆ ಕಲ್ಲು ಎಸೆದ. ಯಾಕೆ ಎಂದು ಅವನಿಗೂ ಗೊತ್ತಿರಲಾರದು.

ಹೊಸಪೇಟೆಯ ಆಸ್ಪತ್ರೆಗೆ ಕಾರು ನಾನೇ ಓಡಿಸಿದೆ. ಅವ್ವ ಹಿಂದೆ ಅಪ್ಪನ ಭುಜಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ಕಮಲಾಪುರದಲ್ಲಿ ಬಾಡಿಗೆ ಸೈಕಲ್ಲಿನ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದು, "ಹಂಪಿಗೆ ಯಾವ ಕಡೆ ಹೋಗ್ಬೇಕು?" ಎಂದು ನಗುತ್ತ ಬಗ್ಗಿದಳು. ಹಿಂದಿನ ಸೀಟು ನೋಡಿ ಅವಳ ನಗು ಹಾಗೇ ಮುಖದ ಮೇಲೆ ನಿಂತಿತು. ನಾನು ಎಡಕ್ಕೋ ಬಲಕ್ಕೋ ಕೈ ತೋರಿಸಿದ್ದು ನೆನಪಿದೆ. ಸರಿಯಾದ ದಾರಿ ತೋರಿಸಿದೆನೋ ಇಲ್ಲವೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ.

ಕೆರೆ ಏರಿಯ ಮೇಲೆ ಅಪ್ಪನಿಗೆ ಮಾತು ಬಂತು. ಹಲ್ಲಿನ ಸಂದಿಯಲ್ಲಿದ್ದ ಒಂದು ಕಾಳನ್ನು ಕಡಿದು, "ಒಣಗಿಲ್ಲ" ಎಂದ. "ಇನ್ನೊಂದಿನ ಬಿಸಿಲು ಬೇಕಿತ್ತು."

ಆಸ್ಪತ್ರೆಗೆ ಪೊಲೀಸರು ಬಂದಾಗ ಅಪ್ಪ, "ಹೊಗಿ ಇತ್ರಿ, ಮುಖ ಕಾಣಲಿಲ್ಲ" ಎಂದ. ನಾನು ಕಂಡದ್ದನ್ನು ಹೇಳಿ ಮಾರೆಪ್ಪನ ಹೆಸರು ಬರೆಸಿದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಹೇಳಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ಮನೆಗೆ ಬಂದ ಮೇಲೆ ನಮಗೆ ನಿದ್ದೆ ಇಲ್ಲ. ನಾನು ದಿನವೂ ಕಂಪ್ಲಿಯಿಂದಲೇ ಕಾಲೇಜಿಗೆ ಓಡಾಡತೊಡಗಿದೆ. ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಬಾಗಿಲಿಗೆ ಅಡ್ಡ ಕಬ್ಬಿಣದ ಹಾರೆ. ಹೊಟ್ಟಿನ ಗುಡ್ಡೆ ಹದಿಮೂರು ದಿನ ಒಳಗೊಳಗೇ ಉರಿಯಿತು. ಮೇಲೆ ನೀರು ಸುರಿದರೂ ಕೆಳಗೆ ಕೆಂಡ. ಹಮಾಲರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು, ಹುಲುಗಪ್ಪ ಎಲ್ಲರಿಗಿಂತ ಮೊದಲು. ಕ್ಷಮೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅಪ್ಪ ಅಂಗಳದಲ್ಲಿದ್ದರೆ ಯಾರೂ ಕೊಕ್ಕೆ ತೆಗೆಯುತ್ತಿರಲಿಲ್ಲ. ಚೀಲದ ಕಿವಿ ಹಿಡಿದು ಬರಿಗೈಯಲ್ಲೇ ಎತ್ತುತ್ತಿದ್ದರು. ಗೋದಾಮಿನ ಒಳಗಿನಿಂದ ಒಮ್ಮೆ ಕೊಕ್ಕೆ ಗೋಣಿಗೆ ಹೊಕ್ಕ ಸದ್ದು ಕೇಳಿ ಅಪ್ಪ ಚಹಾದ ಲೋಟ ಕೈಬಿಟ್ಟದ್ದನ್ನು ಅವರು ಕಂಡಿದ್ದರು.

ಸಾಮೆ, ನವಣೆ ನಾನು ಮುಟ್ಟಿರಲಿಲ್ಲ. ಸಂಡೂರಿನ ಕಡೆ ತಲೆ ಹಾಕಿರಲಿಲ್ಲ. ಅಪ್ಪನೇ ಒಂದು ದಿನ, ಕಟ್ಟು ಬಿಚ್ಚಿದ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೇಳಿದ.

"ನಿನ್ನ ಗುಬ್ಬಿ ಕಾಳು ಎಲ್ಲೆದಾವ? ಮತ್ತ ಹೊಟ್ಟಿ ಬರಾಕತ್ತೈತಿ ನನಗ."

"ಬ್ಯಾಡಪ್ಪಾ. ಅದರಿಂದ ಆಗಿದ್ದು ಸಾಕು."

"ಕಾಳು ಏನ್ ಮಾಡೈತಿ? 'ಅದೇ ಅಕ್ಕಿಲೇ' ಅಂದೆನಲ್ಲ ಹುಲುಗಪ್ಪಗ, ಆ ಮಾತು ಹೊಡಸಿತು ನನ್ನ."

ಬೇಸಿಗೆಯ ಬೆಳೆ ಏಪ್ರಿಲ್ ಕೊನೆಗೆ ಬಂತು. ಹೊಸ ಅಕ್ಕಿಯ ಊಟ ಈ ಸಲ ಬೇಡ ಎಂದು ಅವ್ವ ಹೇಳಿದಳು. ಅಪ್ಪ ಕೇಳಲಿಲ್ಲ. ಕೋಲೂರಿಕೊಂಡು ಬಂದು, ಚಕ್ಕಳಮಕ್ಕಳ ಹಾಕಲಾಗದೆ ಹಮಾಲರ ಸಾಲಿನಲ್ಲೇ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತ. ನಾನು ಬಡಿಸಿದ ಹೊಸ ಅಕ್ಕಿಯ ಅನ್ನವನ್ನು ಒಂದು ತುತ್ತು ಎತ್ತಿ ಎಲ್ಲರೂ ನೋಡುವಂತೆ ಉಂಡ. ಆಮೇಲೆ ಡಬ್ಬಿ ತೆಗೆದು ಎಲೆಯ ಮೇಲೆ ಸಾಮೆ ಅನ್ನ ಸುರಿದುಕೊಂಡ. ಡಿಸೆಂಬರಿನ ಆ ಊಟದಲ್ಲೂ ಬೇಕಾಗಿದ್ದದ್ದು ಇಷ್ಟೇ. ಒಂದು ತುತ್ತು.

"ಇದು ಸಾಮಿ. ಮೊಣಕಾಲು ನೋವಿಗೆ, ಸುಸ್ತಿಗೆ. ಹ್ವಾದ ಮಳಿಗಾಲದಾಗ ಉಣ್ಣಾಕ ಹತ್ತಿದ್ದು" ಎಂದ.

ಹುಲುಗಪ್ಪ ಕೈ ಚಾಚಿದ. "ಕೊಡ್ರಿ ಇತ್ತ ಒಂದ್ ತುತ್ತು." ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಸಾವ್ಕಾರ್ರ, ಇದು ಗುಬ್ಬಿ ಮದಿವ್ಯಾಗ ಬಡಸೋದ್ರಿ" ಎಂದ. ಕೆಲವರು ನಕ್ಕರು. ಕೆಲವರು ತಲೆ ಎತ್ತಲಿಲ್ಲ. ಹುಲುಗಪ್ಪನ ತೊಡೆಯ ಮೇಲಿದ್ದ ಲಕ್ಷ್ಮಿ ಮಾತ್ರ ಅಪ್ಪನ ಮೊಣಕಾಲಿನ ಗಾಯದ ಗುರುತನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

ಮಾರೆಪ್ಪ ಇರಲಿಲ್ಲ. ಜಾಮೀನಿನ ಮೇಲೆ ಹೊರಬಂದು ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಊಟ ಮುಗಿದ ಮೇಲೆ ಎಲ್ಲರಿಗೂ ಅಕ್ಕಿಯ ಚೀಲ ಕೊಡುವಾಗ ಅಪ್ಪ ಹುಲುಗಪ್ಪನ ಮುಂದೆ ಎರಡು ಇಡಿಸಿದ. ಹುಲುಗಪ್ಪ ಎರಡನೆಯದನ್ನು ನೋಡುತ್ತಾ ನಿಂತ. ಕೊನೆಗೆ ಎರಡನ್ನೂ ಎತ್ತಿಕೊಂಡ.

ಸಂಜೆ ಲಾರಿ ತುಂಬುವ ಕೆಲಸವಿತ್ತು. ಹಮಾಲರು ಬರಿಗೈಯಲ್ಲಿ ಚೀಲಕ್ಕೆ ಬಗ್ಗಿದರು. ಅಪ್ಪ ಆಫೀಸಿನ ಬಾಗಿಲಲ್ಲಿ ಕೋಲಿಗೆ ಎರಡೂ ಕೈ ಊರಿ ನಿಂತಿದ್ದ.

"ಕೊಕ್ಕಿ ಹಾಕ್ರಲೇ" ಎಂದ. "ಎಷ್ಟು ದಿನ ಅಂತ ಕೈ ಹರಕೋತೀರಿ?"

ಹುಲುಗಪ್ಪ ಸೊಂಟದಿಂದ ಕೊಕ್ಕೆ ತೆಗೆದ. ಅದು ಗೋಣಿಗೆ ಹೊಕ್ಕಿತು. ಅಪ್ಪ ಕಣ್ಣು ಮುಚ್ಚಿದ, ತೆರೆದ, ಅಲ್ಲೇ ನಿಂತ. ಎರಡನೆಯ ಚೀಲ. ಮೂರನೆಯದು. ಲಾರಿ ತುಂಬುವ ತನಕ ನಿಂತಿದ್ದ.

ಮರುದಿನ ನನಗೆ ಎಚ್ಚರವಾದದ್ದು ಮಿಲ್ಲಿನ ಬೆಲ್ಟು ತಿರುಗಿದ ಸದ್ದಿಗೆ. ಬಿಸಿಲು ಹಾಸಿಗೆಯ ತನಕ ಬಂದಿತ್ತು. ಅವ್ವ ಗೋಡೆಗೆ ಮುಖ ಮಾಡಿ, ಅಪ್ಪ ಬಾಯಿ ತೆರೆದುಕೊಂಡು, ಇನ್ನೂ ಮಲಗಿದ್ದರು. ಗಾಬರಿಯಿಂದ ಬಾಗಿಲ ಕಡೆ ನೋಡಿದೆ. ರಾತ್ರಿ ಅಡ್ಡ ಇಡಲು ಮೂವರೂ ಮರೆತಿದ್ದ ಹಾರೆ ಮೂಲೆಯ ಗೋಡೆಗೆ ಒರಗಿ ಹಾಗೇ ನಿಂತಿತ್ತು.